ಗುಂಪು ಚರ್ಚೆಯಲ್ಲಿ ಆಲಿಸುವುದಕ್ಕೂ ಅಂಕ ಕೊಡಿ

ಮಾನ್ಯ ಸಂಪಾದಕರೇ,

ಪ್ರೌಢಶಾಲೆಗಳಲ್ಲಿ ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆಯ ನಡುವೆಯೇ ಮಾಡುವ ಮೌಲ್ಯಮಾಪನ) ಚಟುವಟಿಕೆ ಎಂದು ಗುಂಪು ಚರ್ಚೆ ಮಾಡಿಸುತ್ತೇವೆ. ಆದರೆ ಅಂಕವೆಲ್ಲ ಮಾತಾಡಿದವರಿಗೇ ಹೋಗುತ್ತದೆ. ಹಾಗಾಗಿ ಒಬ್ಬ ಮಾತಾಡುವಾಗ ಉಳಿದವರು ಕೇಳುವುದಿಲ್ಲ, ತಮ್ಮ ಸರದಿಗೆ ವಾಕ್ಯ ಜೋಡಿಸುತ್ತಿರುತ್ತಾರೆ. 'ಗಮನವಿಟ್ಟು ಕೇಳಿ' ಎಂದು ಗದರಿದರೆ ಇದು ಸರಿಹೋಗದು. ಕೇಳಿಸಿಕೊಳ್ಳದೆ ಚರ್ಚೆ ಮುಂದೆ ಹೋಗಲೇಬಾರದು, ಹಾಗೆ ಅದನ್ನು ಕಟ್ಟಬೇಕು.

ಗುಂಪಿಗೆ ನಾಲ್ಕೇ ಮಂದಿ ಸಾಕು. ಆರು ಮಂದಿಯಾದರೆ ಇಬ್ಬರು ಮೆಲ್ಲನೆ ಜಾರಿಕೊಳ್ಳುತ್ತಾರೆ. ಮುಂದಿನ ಬೆಂಚಿನ ಇಬ್ಬರು ಹಿಂದಕ್ಕೆ ತಿರುಗಿ ಕೂತರೆ ಗುಂಪು ಸಿದ್ಧ. ವಿಷಯಕ್ಕೆ ಎರಡು ಮಗ್ಗುಲಿರಬೇಕು, ಮಕ್ಕಳಿಗೆ ಅದು ಗೊತ್ತಿರಲೂಬೇಕು. 'ಮಳೆಗೆ ಕೊಟ್ಟ ರಜೆಯನ್ನು ಶನಿವಾರ ಮಧ್ಯಾಹ್ನದ ತರಗತಿಯಿಂದ ತುಂಬಿಸಬೇಕೇ?' ಎಂದು ಕೇಳಿ ನೋಡಿ, ಕರಾವಳಿಯ ಯಾವ ಮಗುವೂ ಸುಮ್ಮನಿರುವುದಿಲ್ಲ. 'ಪರಿಸರ ಸಂರಕ್ಷಣೆ' ಎಂದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಅಲ್ಲಿ ಆಲಿಸುವ ಅಗತ್ಯವೇ ಬೀಳದು.

ಮೊದಲ ಎರಡು ನಿಮಿಷ ಮೌನ. ಪ್ರತಿಯೊಬ್ಬರೂ ತಮ್ಮ ಎರಡು ಅಂಶ ಬರೆದು ಪುಸ್ತಕ ಮುಚ್ಚಬೇಕು. ತನ್ನ ಮಾತು ಬರೆದಿಟ್ಟಾಯಿತು ಎಂದಾಗ ಮಾತ್ರ ಮನಸ್ಸು ಇನ್ನೊಬ್ಬರ ಕಡೆ ತಿರುಗುತ್ತದೆ, ಆದ್ದರಿಂದ ಈ ಹಂತವನ್ನು ಬಿಡಬೇಡಿ. ಬಳಿಕ ಒಬ್ಬ ಒಂದು ನಿಮಿಷ ಮಾತಾಡಬೇಕು, ನಡುವೆ ಯಾರೂ ಬಾಯಿ ಹಾಕಬಾರದು. ಮುಂದಿನವರು ಯಾರೆಂದು ಚೀಟಿ ಎತ್ತಿ ತಿಳಿಯಬೇಕು. ಸರದಿ ಮೊದಲೇ ಗೊತ್ತಾದರೆ ಆ ಒಬ್ಬ ಮಾತ್ರ ಕಿವಿಗೊಡುತ್ತಾನೆ. ಚೀಟಿ ಬಂದವರು ತಮ್ಮ ಮಾತಿಗೆ ಮೊದಲು ಹಿಂದಿನವರ ಮಾತನ್ನು ಎರಡು ವಾಕ್ಯದಲ್ಲಿ ಹೇಳಿ, 'ನೀನು ಹೇಳಿದ್ದು ಇದು ತಾನೇ?' ಎಂದು ಕೇಳಬೇಕು. ಅವರು 'ಹೌದು' ಎಂದ ಮೇಲಷ್ಟೇ ಮಾತಾಡುವ ಹಕ್ಕು. ಕೊನೆಯವರ ಮಾತನ್ನು ಮೊದಲು ಮಾತಾಡಿದವರು ಹೇಳಿದರೆ ಸುತ್ತು ಮುಗಿಯಿತು. ಎದುರಿನವರು ಒಪ್ಪುವಂತೆ ಅವರ ಮಾತನ್ನು ಹೇಳಿದ ಮೇಲೆಯೇ ಉತ್ತರ ಕೊಡಬೇಕೆಂಬ ಈ ನಿಯಮವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1950ರ ದಶಕದ ಆರಂಭದಲ್ಲೇ ಸೂಚಿಸಿದ್ದರು. ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆ ಕೇಳುವ ನಮಗೆ ಇದರ ಬೆಲೆ ಬೇರೆಯವರು ಹೇಳಬೇಕಾಗಿಲ್ಲ. ಎದುರಿನ ಅರ್ಥಧಾರಿ (ಪಾತ್ರದ ಮಾತಾಡುವವರು) ಏನೆಂದರೆಂದು ಹಿಡಿಯದವರಿಗೆ ಅಲ್ಲಿ ಉತ್ತರವೇ ಹೊಳೆಯದು.

ನಂತರ ಹತ್ತು ನಿಮಿಷ ಮುಕ್ತ ಚರ್ಚೆ. ಪ್ರತಿಯೊಬ್ಬರ ಕೈಗೆ ಮೂರು ಹುಣಸೆ ಬೀಜ ಕೊಡಿ. ಮಾತಾಡಿದಾಗಲೆಲ್ಲ ಒಂದನ್ನು ನಡುವೆ ಇಡಬೇಕು, ಮೂರೂ ಮುಗಿದವರು ಕೇಳಿಸಿಕೊಳ್ಳಬೇಕು. ಆದರೆ 'ಹಾಗೆಂದರೇನು?' ಎಂದು ವಿವರ ಕೇಳುವುದಕ್ಕೆ ಬೀಜ ಬೇಡ. ಕೊನೆಗೆ ಶಿಕ್ಷಕರು ಎಬ್ಬಿಸಿದ ವಿದ್ಯಾರ್ಥಿ ತನ್ನ ಅಭಿಪ್ರಾಯದ ಬದಲು ತನಗೆ ಒಪ್ಪಿಗೆಯಾಗದ ಒಂದು ವಾದವನ್ನು ತರಗತಿಗೆ ತಿಳಿಸಬೇಕು. ಎಲ್ಲ ಗುಂಪಿನ ವರದಿಗೂ ಸಮಯ ಸಿಗದು, ನಾಲ್ಕು ಗುಂಪು ಸಾಕು. 40 ನಿಮಿಷದ ಪೀರಿಯಡ್‌ನಲ್ಲಿ ಇಷ್ಟೂ ಹಿಡಿಯುತ್ತದೆ.

ಕೆಡುವುದು ಎಲ್ಲಿ? ಮಕ್ಕಳು ಕೇಳಿದ್ದನ್ನು ಅಕ್ಷರಶಃ ಒಪ್ಪಿಸಿಬಿಡುತ್ತಾರೆ. ಅದು ಬರೀ ನೆನಪು, ಬೇರೆ ಮಾತಿನಲ್ಲಿ ಹೇಳಿಸಬೇಕು. 'ನೀನು ಹೇಳಿದ್ದು ತಪ್ಪು, ಯಾಕೆಂದರೆ...' ಎಂದು ಸಾರಾಂಶದೊಳಗೇ ವಾದ ತೂರಿಸಿದರೆ ಅಲ್ಲೇ ತಡೆಯಬೇಕು. ಜೋರು ಮಳೆ ಶೀಟಿನ ಮಾಡಿಗೆ ಬಡಿಯುವಾಗ ಹತ್ತು ಗುಂಪು ಒಟ್ಟಿಗೆ ಮಾತಾಡಿದರೆ ಯಾರ ಮಾತೂ ಕೇಳದು. ಅಂದು ಒಂದೇ ಗುಂಪನ್ನು ನಡುವೆ ಕೂರಿಸಿ, ಉಳಿದವರು ಸುತ್ತ ಕೂತು ಒಬ್ಬೊಬ್ಬರು ಒಬ್ಬೊಬ್ಬರ ಮಾತನ್ನು ಗಮನಿಸಲಿ. ಕಿವಿ ಮಂದವಿರುವ ಮಗುವಿಗೆ ಎಲ್ಲರ ಮುಖ ಕಾಣುವ ಜಾಗ ಕೊಡಬೇಕು.

ಇದಕ್ಕಿಂತ ದೊಡ್ಡ ಅಡ್ಡಿ ನಮ್ಮದೇ ಅಭ್ಯಾಸ. ವಿದ್ಯಾರ್ಥಿ ಸಣ್ಣ ದನಿಯಲ್ಲಿ ಹೇಳಿದ್ದನ್ನು ಶಿಕ್ಷಕರು ಗಟ್ಟಿಯಾಗಿ ಮತ್ತೆ ಹೇಳುತ್ತಾರೆ. ಟೀಚರ್ ಹೇಗೂ ಹೇಳುತ್ತಾರಲ್ಲ ಎಂದಾದರೆ ಸಹಪಾಠಿಯ ಮಾತಿಗೆ ಯಾರು ಕಿವಿಗೊಡುತ್ತಾರೆ? ಕೇಳದಿದ್ದರೆ 'ಇನ್ನೊಮ್ಮೆ ಹೇಳು' ಎಂದು ಸಹಪಾಠಿಗಳೇ ಕೇಳಲಿ.

ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಆಡುವ ಮಕ್ಕಳು ನಮ್ಮವರು. ಗುಂಪಿನ ನಾಲ್ವರಿಗೂ ತಿಳಿಯುವುದಾದರೆ ಮೊದಲ ಸುತ್ತು ಆ ಭಾಷೆಯಲ್ಲೇ ನಡೆಯಲಿ, ವರದಿ ಕನ್ನಡದಲ್ಲಿರಲಿ. ತುಳುವಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಹೇಳಬೇಕಾದರೆ ಅರ್ಥ ಹಿಡಿಯಲೇಬೇಕಲ್ಲ.

ಅಂಕವನ್ನು ಮುಖ್ಯ ಅಂಶ ಹಿಡಿದದ್ದಕ್ಕೆ, ಸ್ವಂತ ಮಾತಿನಲ್ಲಿ ಹೇಳಿದ್ದಕ್ಕೆ, ವಿವರ ಕೇಳಿದ್ದಕ್ಕೆ ಕೊಡಬೇಕು. ತಲೆಯಾಡಿಸಿದ್ದಕ್ಕೆ, ಕಣ್ಣಿಟ್ಟು ನೋಡಿದ್ದಕ್ಕೆ ಬೇಡ, ನೆಲ ನೋಡುತ್ತಲೇ ಚೆನ್ನಾಗಿ ಆಲಿಸುವ ಮಕ್ಕಳಿದ್ದಾರೆ. ಒಂದು ಪೀರಿಯಡ್‌ನಲ್ಲಿ ಎರಡು ಗುಂಪಿಗಿಂತ ಹೆಚ್ಚು ಗಮನಿಸಲಾಗದು. 44 ಮಕ್ಕಳ ತರಗತಿಗೆ ಆರು ಪೀರಿಯಡ್ ಬೇಕು, ಹದಿನೈದು ದಿನಕ್ಕೊಂದರಂತೆ ಮೂರು ತಿಂಗಳು. ಮಂಗಳೂರು, ಉಡುಪಿಯ ಡಯಟ್‌ಗಳು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು) ಭಾಷಾ ಶಿಕ್ಷಕರ ತರಬೇತಿಯಲ್ಲಿ ಇದನ್ನು ಬಾಯಿಮಾತಿನಲ್ಲಿ ವಿವರಿಸುವ ಬದಲು ಶಿಕ್ಷಕರನ್ನೇ ನಾಲ್ಕು ನಾಲ್ಕು ಮಂದಿ ಕೂರಿಸಿ ಮಾಡಿಸಬೇಕೆಂದು ವಿನಂತಿ.

– ಪ್ರೌಢಶಾಲಾ ಕನ್ನಡ ಶಿಕ್ಷಕಿ, ಉಡುಪಿ