ಮಕ್ಕಳ ಮೊದಲ ಟಿಟಿ ಬ್ಯಾಟಿಗೆ ಕಾರ್ಬನ್ ಯಾಕೆ?

ಮಾನ್ಯ ಸಂಪಾದಕರೇ,

ಬೇಸಿಗೆ ಶಿಬಿರಗಳ ಕರಪತ್ರ ಪೇಪರಿನ ಮಡಿಕೆಯಿಂದ ಉದುರುವ ಕಾಲ ಇದು. ಈಜು, ಕರಾಟೆ, ಚಿತ್ರಕಲೆಯ ಸಾಲಿಗೆ ಈಗ ಟೇಬಲ್ ಟೆನಿಸ್ಸೂ ಸೇರಿದೆ. ಸಂತೋಷವೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಹೆಣ್ಣುಮಕ್ಕಳ ತಂಡ ಕ್ವಾರ್ಟರ್‌ಫೈನಲ್ ತಲುಪಿತು. ಅಲ್ಲಿ ಜರ್ಮನಿಗೆ ಸೋತರೂ ಭಾರತಕ್ಕೆ ಸಿಕ್ಕ ಒಂದೇ ಒಂದು ಗೆಲುವು ಬೆಂಗಳೂರಿನ ಅರ್ಚನಾ ಕಾಮತ್ ಅವರದು. ಅದಾದ ಮೇಲೆ ನಮ್ಮ ದಾವಣಗೆರೆಯಲ್ಲೂ ಮಗಳನ್ನು ಕರೆದುಕೊಂಡು ಟಿಟಿ ಕಲಿಸಿ ಅಂತ ಬರುವವರು ಜಾಸ್ತಿಯಾಗಿದ್ದಾರೆ. ನಾನು ಬ್ಯಾಂಕಿನಿಂದ ನಿವೃತ್ತನಾದವನು. ಸಂಜೆ ಹೊತ್ತು ನೌಕರರ ಕ್ಲಬ್ಬಿನಲ್ಲಿ ಚಿಕ್ಕ ಮಕ್ಕಳಿಗೆ ಆಟ ಹೇಳಿಕೊಡುತ್ತೇನೆ. ಈ ಪತ್ರ ಅವರ ಅಪ್ಪ-ಅಮ್ಮಂದಿರ ಪರವಾಗಿ.

ಇಲ್ಲಿನ ಒಂದು ಶಿಬಿರದವರು ಎಂಟು-ಒಂಬತ್ತು ವರ್ಷದ ಮಕ್ಕಳ ಪೋಷಕರ ಕೈಗೆ ಒಂದು ಚೀಟಿ ಕೊಟ್ಟಿದ್ದಾರೆ. ಕಾರ್ಬನ್ ಬ್ಲೇಡ್ (ಬ್ಲೇಡ್ ಅಂದರೆ ರಬ್ಬರ್ ಅಂಟಿಸುವ ಹಲಗೆ, ಹಿಡಿಕೆ ಸಮೇತ), ಎರಡೂ ಕಡೆ ದಪ್ಪ ಸ್ಪಾಂಜಿನ ರಬ್ಬರ್, ಅದೂ ಇಂಥ ಅಂಗಡಿಯಲ್ಲೇ ತೆಗೆದುಕೊಳ್ಳಬೇಕಂತೆ. ಬಿಲ್ಲು ಹತ್ತು ಸಾವಿರ ದಾಟುತ್ತದೆ. ಗುಮಾಸ್ತೆ ಕೆಲಸ ಮಾಡುವ ಒಬ್ಬರು ಚೀಟಿ ನನಗೆ ತೋರಿಸಿ, "ಸರ್, ಇಷ್ಟು ಕೊಡಲೇಬೇಕಾ?" ಅಂದರು. ಬೇಡ ಅಂದೆ. ಹಣ ಉಳಿಯಲಿ ಅಂತ ಮಾತ್ರ ಅಲ್ಲ. ಆ ಬ್ಯಾಟಿನಿಂದ ಮಗುವಿನ ಆಟವೇ ಕೆಡುತ್ತದೆ.

ಹೇಗೆ ಅಂದರೆ, ಟಿಟಿ ಬ್ಯಾಟಿನ ಮೈ ಮುಖ್ಯವಾಗಿ ಮರವೇ. ಬ್ಲೇಡಿನ ದಪ್ಪದಲ್ಲಿ ಕನಿಷ್ಠ ಶೇ 85 ಮರ ಇರಬೇಕು ಅಂತ ಅಂತರರಾಷ್ಟ್ರೀಯ ನಿಯಮವೇ ಹೇಳುತ್ತದೆ. ಮರದ ಪದರಗಳ ನಡುವೆ ತೆಳುವಾಗಿ ಕಾರ್ಬನ್ ನಾರು ಸೇರಿಸಿದರೆ ಬ್ಯಾಟು ಬಿರುಸಾಗುತ್ತದೆ, ಚೆಂಡು ಚಿಮ್ಮುತ್ತದೆ. ಪಳಗಿದ ಕೈಗೆ ಅದು ವರ. ಆದರೆ ಚೆಂಡಿನ ತೂಕ ಬರೀ 2.7 ಗ್ರಾಂ, ಟೇಬಲ್ಲಿನ ಉದ್ದ 2.74 ಮೀಟರ್. ಕಲಿಯುವ ಮಗು ಪೂರ್ತಿ ಕೈ ಬೀಸಿದರೆ ಚೆಂಡು ಟೇಬಲ್ ದಾಟಿ ಗೋಡೆಗೆ ಹೋಗುತ್ತದೆ. ಆಗ ಮಗು ಏನು ಮಾಡುತ್ತದೆ ಗೊತ್ತಾ? ಬೀಸುವುದನ್ನೇ ನಿಲ್ಲಿಸುತ್ತದೆ. ಬ್ಯಾಟನ್ನು ಸುಮ್ನೆ ಅಡ್ಡ ಹಿಡಿದು ಚೆಂಡನ್ನು ತಡೆಯಲು ಶುರು ಮಾಡುತ್ತದೆ. ಮೊಣಕೈ ಪಕ್ಕೆಗೆ ಅಂಟಿಕೊಳ್ಳುತ್ತದೆ, ಸೊಂಟ ತಿರುಗುವುದೇ ಇಲ್ಲ. ಈ ಚಾಳಿ ಒಮ್ಮೆ ಕೂತರೆ ಬಿಡಿಸೋದು ಬಲು ಕಷ್ಟ. ನಿಧಾನದ ಬ್ಯಾಟು ಕೊಟ್ಟು ನೋಡಿ. ಚೆಂಡು ಆಚೆ ಹೋಗಬೇಕಾದರೆ ಮಗು ಕೈ ಬೀಸಲೇಬೇಕು. ಬೀಸಿದರೂ ಚೆಂಡು ಟೇಬಲ್ ಮೇಲೇ ಬೀಳುತ್ತದೆ.

ಹಾಗಾದರೆ ಯಾವುದು ತೆಗೆದುಕೊಳ್ಳೋದು? ಐದು ಪದರದ, ಬರೀ ಮರದ 'ಆಲ್‌ರೌಂಡ್' ಬ್ಲೇಡ್, ಅಂದರೆ ತೀರಾ ವೇಗದ್ದೂ ಅಲ್ಲದ, ತೀರಾ ನಿಧಾನದ್ದೂ ಅಲ್ಲದ್ದು. ಅದರ ಮೇಲೆ ನುಣುಪು ಮುಖದ ಸಾದಾ ರಬ್ಬರ್, ಅಂದರೆ ರಬ್ಬರ್ ಹಾಳೆಯ ಸಣ್ಣ ಸಣ್ಣ ಗುಳ್ಳೆಗಳು ಸ್ಪಾಂಜಿನ ಕಡೆಗೆ ಒಳಮುಖವಾಗಿರುವುದು. ಸ್ಪಾಂಜು 1.5ರಿಂದ 1.8 ಮಿಲಿಮೀಟರ್ ಸಾಕು. ಕಂಪನಿಗಳು ಕೂಡಿಸಿಯೇ ಮಾರುವ ರೆಡಿಮೇಡ್ ಬ್ಯಾಟಿನಲ್ಲೂ ಒಳ್ಳೆಯವು ಇವೆ. ಸಾವಿರದಿಂದ ಎರಡು ಸಾವಿರದೊಳಗೆ ಮೊದಲ ವರ್ಷಕ್ಕೆ ಧಾರಾಳವಾಗಿ ಸಾಕಾಗುವಂಥದ್ದು ಸಿಗುತ್ತದೆ. ಕವರಿನ ಮೇಲಿನ ಸ್ಟಾರ್ ಲೆಕ್ಕ ನೋಡಿ ಮರುಳಾಗಬೇಡಿ. ಬ್ಯಾಟಿನ ಸ್ಟಾರ್ ಆಯಾ ಕಂಪನಿಯೇ ಕೊಟ್ಟುಕೊಳ್ಳುವುದು. ಒಬ್ಬರ ನಾಲ್ಕು ಸ್ಟಾರಿಗೂ ಇನ್ನೊಬ್ಬರ ನಾಲ್ಕು ಸ್ಟಾರಿಗೂ ಸಂಬಂಧ ಇಲ್ಲ.

ತೀರಾ ಅಗ್ಗದ್ದೂ ಬೇಡ. ಆಟಿಕೆ ಅಂಗಡಿಯಲ್ಲಿ ಎರಡು ಬ್ಯಾಟು, ಮೂರು ಚೆಂಡು, ಒಂದು ನೆಟ್ಟು ಒಟ್ಟಿಗೇ ಪ್ಲಾಸ್ಟಿಕ್ ಚೀಲದಲ್ಲಿ ನೇತುಹಾಕಿರುತ್ತಾರಲ್ಲ, ಅದರ ರಬ್ಬರಿನಲ್ಲಿ ಹಿಡಿತವೇ ಇರುವುದಿಲ್ಲ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಚೆಂಡು ಕೇಳಿ ಪಡೆದು ರಬ್ಬರಿನ ಮೇಲೆ ಒತ್ತಿ ಎಳೆಯಿರಿ. ರಬ್ಬರ್ ಚೆಂಡನ್ನು ಹಿಡಿದು ಎಳೆದಂತೆ ಆಗಬೇಕು. ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಅಲ್ಲೇ ಇಟ್ಟು ಬನ್ನಿ. ವರ್ಷಗಟ್ಟಲೆ ಶೋಕೇಸಿನಲ್ಲಿ ಬಿಸಿಲು ತಿಂದ ಬ್ಯಾಟೂ ಹೀಗೇ ಆಗಿರುತ್ತದೆ. ಅಂಚಿನಲ್ಲಿ ರಬ್ಬರ್ ಬಿಟ್ಟುಕೊಂಡಿದೆಯಾ, ಮೇಲೆ ಬೂದು ಬೂದಾಗಿದೆಯಾ, ತಿರುಗಿಸಿ ನೋಡಿ.

ಬ್ಯಾಟು ಕೊಳ್ಳುವಾಗ ಮಗುವೂ ಅಂಗಡಿಯಲ್ಲಿರಲಿ. ಹಿಡಿಕೆ ಅದರ ಕೈಗೆ ಒಗ್ಗಬೇಕು, ನಿಮ್ಮ ಕೈಗಲ್ಲ. ಹಸ್ತಲಾಘವ ಕೊಡುವ ಹಾಗೆ ಹಿಡಿಸಿ. ತೋರುಬೆರಳು ರಬ್ಬರಿನ ಕೆಳ ಅಂಚಿಗೆ ಒರಗಬೇಕು, ಉಳಿದ ಮೂರು ಬೆರಳು ಹಿಡಿಕೆಯನ್ನು ಆರಾಮಾಗಿ ಸುತ್ತಬೇಕು. ಕೆಳಗೆ ಸ್ವಲ್ಪ ಅಗಲವಾಗುವ ಹಿಡಿಕೆ ಚಿಕ್ಕ ಕೈಯಿಂದ ಜಾರುವುದಿಲ್ಲ. ತೂಕವನ್ನೂ ನೋಡಿ. ಬ್ಯಾಟನ್ನು ಮುಂದಕ್ಕೆ ಚಾಚಿ ಸ್ವಲ್ಪ ಹೊತ್ತು ಹಿಡಿದಿರಲು ಹೇಳಿ. ಮಣಿಕಟ್ಟು ಕೆಳಗೆ ಜೋತರೆ ಅದು ಆ ಮಗುವಿಗೆ ಭಾರ.

ಇನ್ನೊಂದು ಬೇಡಿಕೆ ಆಗಾಗ ಬರುತ್ತದೆ: "ಮನಿಕಾ ಬಾತ್ರಾ ಥರದ ರಬ್ಬರ್ ಹಾಕಿಸಿ ಕೊಡಿ." 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ ಸಿಂಗಲ್ಸ್ ಚಿನ್ನ ಗೆದ್ದ ಆಕೆ ಬ್ಯಾಕ್‌ಹ್ಯಾಂಡ್ ಕಡೆ ಉದ್ದ ಗುಳ್ಳೆಯ ರಬ್ಬರ್ ಬಳಸುತ್ತಾರೆ, ನಿಜ. ಎದುರಾಳಿ ಚೆಂಡಿಗೆ ಹಾಕಿದ ಸ್ಪಿನ್ನನ್ನೇ ಅದು ಎದುರಾಳಿಗೆ ವಾಪಸ್ ಕಳಿಸುತ್ತದೆ. ಆದರೆ ಚೆಂಡಿಗೆ ಟಾಪ್‌ಸ್ಪಿನ್ (ಮುಂದಕ್ಕೆ ಉರುಳುವ ಸ್ಪಿನ್) ಕೊಡೋದು ಹೇಗೆ ಅಂತಲೇ ಇನ್ನೂ ಗೊತ್ತಿಲ್ಲದ ಮಗುವಿಗೆ ಅದು ಕೊಟ್ಟರೆ ತನ್ನ ಹೊಡೆತಕ್ಕೆ ಚೆಂಡು ಯಾಕೆ ಹಾಗೆ ಹೋಯಿತು ಅಂತ ಅದಕ್ಕೇ ತಿಳಿಯುವುದಿಲ್ಲ. ಎರಡೂ ಕಡೆ ಒಂದೇ ಥರದ ರಬ್ಬರ್ ಇರಲಿ. ಬಣ್ಣ ಮಾತ್ರ ಬೇರೆ ಬೇರೆ. ಒಂದು ಕಡೆ ಕಪ್ಪು ಇರಲೇಬೇಕು. ಇನ್ನೊಂದು ಕಡೆ ಮೊದಲು ಕೆಂಪೇ ಆಗಬೇಕಿತ್ತು, 2021ರಿಂದ ನೀಲಿ, ಹಸಿರು, ಗುಲಾಬಿ, ನೇರಳೆಗೂ ಅವಕಾಶ ಇದೆ. ಹೆಣ್ಣುಮಕ್ಕಳಷ್ಟೇ ಅಲ್ಲ, ಹುಡುಗರೂ ಗುಲಾಬಿ ಕೇಳುತ್ತಾರೆ. ಕೇಳಲಿ ಬಿಡಿ.

ಉಳಿಸಿದ ದುಡ್ಡಲ್ಲಿ ಒಳ್ಳೆ ಚೆಂಡು ತೆಗೆದುಕೊಡಿ. '40+' ಅಂತ ಅಚ್ಚಾಗಿರುವ ಪ್ಲಾಸ್ಟಿಕ್ ಚೆಂಡು, ಒಂದು ಡಜನ್ ಇದ್ದರೆ ಇನ್ನೂ ಒಳ್ಳೆಯದು. ಚೆಂಡು ಹೆಕ್ಕುವುದರಲ್ಲೇ ಅರ್ಧ ಗಂಟೆ ಹೋಗುವುದು ತಪ್ಪುತ್ತದೆ. ಬ್ಯಾಟಿಗೊಂದು ಕವರ್ ಇರಲಿ. ಆಟ ಮುಗಿದ ಮೇಲೆ ರಬ್ಬರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಆರಿಸಿದರೆ ಸಾಕು, ಸೋಪು ಗೀಪು ಏನೂ ಬೇಡ. ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರ್ ಡಿಕ್ಕಿಯೊಳಗೆ ಬ್ಯಾಟು ಬಿಟ್ಟು ಮದುವೆಮನೆಗೆ ಹೋಗಬೇಡಿ. ನಮ್ಮೂರಿನವರಿಗೆ ವಿಶೇಷವಾಗಿ ಒಂದು ಮಾತು: ಮಂಡಕ್ಕಿ-ಮಿರ್ಚಿ ತಿಂದ ಕೈಯನ್ನು ತೊಳೆಯದೆ ಬ್ಯಾಟು ಮುಟ್ಟಬಾರದು. ಎಣ್ಣೆ ತಾಗಿದ ರಬ್ಬರಿನ ಹಿಡಿತ ಹೋಯಿತು ಅಂತಲೇ ಲೆಕ್ಕ.

ಶಿಬಿರ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಮೊದಲ ಹದಿನೈದು ದಿನ ಮಕ್ಕಳಿಗೆ ನಿಮ್ಮದೇ ಬ್ಯಾಟು ಕೊಡಿ. ಯಾರು ಉಳಿಯುತ್ತಾರೆ, ಯಾರು ಈಜಿಗೆ ಹೋಗುತ್ತಾರೆ ಅಂತ ಗೊತ್ತಾದ ಮೇಲೆ ಖರೀದಿಯ ಮಾತು ಬರಲಿ. ಅಂಗಡಿಯ ಹೆಸರು ಚೀಟಿಯಲ್ಲಿ ಬೇಡ. ಓದುಗರಲ್ಲೂ ಒಂದು ಕೋರಿಕೆ ಇದೆ. ಹಿಂದೆ ಕಾಲೇಜಿಗೋ ಆಫೀಸಿಗೋ ಆಡಿದವರ ಮನೆಯ ಸಜ್ಜದ ಮೇಲೆ ಹಳೇ ಮರದ ಬ್ಲೇಡ್ ಇದ್ದೇ ಇರುತ್ತದೆ. ರಬ್ಬರ್ ಸತ್ತಿದ್ದರೂ ಪರವಾಗಿಲ್ಲ, ಹೊಸದು ಅಂಟಿಸಬಹುದು. ಗುಜರಿಗೆ ಹಾಕದೆ ನಿಮ್ಮ ಹತ್ತಿರದ ಕ್ಲಬ್ಬಿಗೋ ಸರ್ಕಾರಿ ಶಾಲೆಗೋ ಕೊಟ್ಟುಬಿಡಿ.

– ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ