ಬೀದಿ ಚಿತ್ರದ ಅಂಚು ಕತ್ತರಿಸಬೇಡಿ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಟೋಕಿಯೊ ಬೀದಿಗಳ ಚಿತ್ರಗಳಿಗೆ ಇಡೀ ಪುಟ ಕೊಟ್ಟಿದ್ದು ಸಂತೋಷ. ಆದರೆ ರೈಲಿನಲ್ಲಿ ನಿಂತಲ್ಲೇ ತೂಕಡಿಸುವ ನೌಕರನ ಚಿತ್ರವನ್ನು ಕಾಲಂಗೆ ಹೊಂದಿಸಲು ಮೇಲಿನಿಂದ ಕತ್ತರಿಸಿ, ಅವನ ತಲೆಯ ಮೇಲಿದ್ದ ಹಾಸಿಗೆಯ ಜಾಹೀರಾತನ್ನು ಅರ್ಧ ಕಳೆದಿದ್ದೀರಿ. ನಗು ಇದ್ದದ್ದೇ ಅಲ್ಲಿ. ಚಿತ್ರ ಸಣ್ಣದಾದರೂ ಸರಿ, ಇಡಿಯಾಗಿ ಬರಲಿ.

ಚಿತ್ರ ಕಳಿಸುವವರಿಗೂ ಒಂದು ಮಾತು. ಟೋಕಿಯೊದ ಶಿಂಜುಕು ಬಡಾವಣೆಯನ್ನು ಸಣ್ಣ ಕ್ಯಾಮೆರಾದಲ್ಲಿ ದಶಕಗಳ ಕಾಲ ಹಿಡಿದ ಜಪಾನಿ ಛಾಯಾಗ್ರಾಹಕ ದೈದೊ ಮೊರಿಯಾಮಾ ಅವರ ಗಾಢ ಕಪ್ಪು-ಬಿಳುಪು ಎಲ್ಲರಿಗೂ ಇಷ್ಟ. ಆದರೆ ನ್ಯೂಸ್‌ಪ್ರಿಂಟ್ ಶಾಯಿ ಹೀರುತ್ತದೆ, ಅಚ್ಚಿನ ಚುಕ್ಕೆ ಹಿಗ್ಗುತ್ತದೆ. ಪರದೆಯಲ್ಲಿ ಚೆಂದ ಕಂಡ ಕಪ್ಪು ಪತ್ರಿಕೆಯಲ್ಲಿ ಮಸಿಯ ಮುದ್ದೆಯಾಗುತ್ತದೆ. ನೆರಳಿನ ಭಾಗವನ್ನು ತುಸು ತಿಳಿ ಮಾಡಿಯೇ ಕಳಿಸಬೇಕು.

ಕಲಬುರಗಿಗೂ ಇಂಥದೊಂದು ಪುಟ ಕೊಡಿ. ಇಲ್ಲಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಬೀದಿಯಲ್ಲಿ ಏಪ್ರಿಲ್ ಬಿಸಿಲಿಗೆ ಪ್ಲಾಸ್ಟಿಕ್ ಕುರ್ಚಿಯನ್ನು ತಲೆ ಮೇಲೆ ಬೋರಲು ಹಾಕಿಕೊಂಡು ಹೊರಟವರನ್ನು ನೋಡಿ: ನಾಲ್ಕು ಕಾಲೂ ಆಕಾಶಕ್ಕೆ, ಒರಗು ಬೆನ್ನಿಗೆ ನೆರಳು. ಇಂಥ ಚಿತ್ರ ಕೈತಪ್ಪುವುದು ಆಟೊಫೋಕಸ್ (ಕ್ಯಾಮೆರಾ ತಾನೇ ಫೋಕಸ್ ಹೊಂದಿಸುವ ಏರ್ಪಾಟು) ತಡಕಾಡುವುದರಿಂದ. ಅದು ಅರ್ಧ ಸೆಕೆಂಡ್ ತಡಮಾಡಿದರೆ ನಡೆಯುವವರು ಎರಡಡಿ ಮುಂದೆ ಹೋಗಿರುತ್ತಾರೆ. ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸರಿನ) ಕ್ಯಾಮೆರಾದ ಜೊತೆ ಬರುವ ಕಿಟ್ ಲೆನ್ಸನ್ನು 18 ಮಿ.ಮೀ.ಗೆ ತಂದು, ಜೂಮ್ ರಿಂಗ್ ಜರುಗದಂತೆ ಟೇಪ್ ಹಚ್ಚಿ, ಲೆನ್ಸಿನ ಕಿಂಡಿಯನ್ನು (ಅಪರ್ಚರ್) ಎಫ್/8ಕ್ಕೆ ಇಟ್ಟು, ಮ್ಯಾನ್ಯುಯಲ್‌ನಲ್ಲಿ, ಅಂದರೆ ಕೈಯಿಂದಲೇ, 2 ಮೀಟರ್‌ಗೆ ಫೋಕಸ್ ಮಾಡಿ. ಸುಮಾರು 1 ಮೀಟರ್‌ನಿಂದ 20 ಮೀಟರ್‌ವರೆಗೆ ಎಲ್ಲವೂ ಸ್ಪಷ್ಟ ಬರುತ್ತದೆ. ಶಟರ್ ವೇಗ 1/500 ಸೆಕೆಂಡ್, ಬೆಳಕಿಗೆ ತಕ್ಕಂತೆ ಸೆನ್ಸರಿನ ಸೂಕ್ಷ್ಮತೆಯನ್ನು ತಾನೇ ಬದಲಿಸುವ ಆಟೊ ಐಎಸ್ಒ ಮಿತಿ 3200. ಆಮೇಲೆ ಒಳ್ಳೆಯ ಹಿನ್ನೆಲೆಯ ಮುಂದೆ ನಿಂತು ಕಾಯುವುದಷ್ಟೇ ಕೆಲಸ.

ನಮ್ಮಲ್ಲಿ ನಡುಹಗಲು ಸೂರ್ಯ ನೆತ್ತಿ ಮೇಲಿದ್ದು ಕಣ್ಣುಗುಳಿ ಕಪ್ಪಾಗುತ್ತವೆ. ಬೆಳಿಗ್ಗೆ ಹತ್ತರೊಳಗೆ, ಇಲ್ಲವೇ ಸಂಜೆ ನಾಲ್ಕೂವರೆ ನಂತರ ಹೋಗಿ. ನೀಲಿ ತಾಡಪಾಲಿನ ಕೆಳಗೆ ತರಕಾರಿ ಮಾರುವವರ ಮುಖವೂ ನೀಲಿಯಾಗುತ್ತದೆ. ಬಣ್ಣವನ್ನು ತಾನೇ ಸರಿದೂಗಿಸುವ ಆಟೊ ವೈಟ್ ಬ್ಯಾಲೆನ್ಸ್ ಇದನ್ನು ಪೂರ್ತಿ ಸರಿಪಡಿಸದು. ರಾ (RAW) ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದ ಮೂಲ ರೂಪದಲ್ಲಿ, ತೆಗೆದು ಆಮೇಲೆ ತಿದ್ದಬೇಕು.

ಜಪಾನಿನಲ್ಲಿ ಮಾರುವ ಮೊಬೈಲುಗಳಲ್ಲಿ ಸಾಮಾನ್ಯವಾಗಿ ಶಟರ್ ಸದ್ದು ಆರಿಸಲು ಬರುವುದಿಲ್ಲ. ಕದ್ದು ತೆಗೆಯುವುದನ್ನು ತಡೆಯಲೆಂದೇ ಆ ಏರ್ಪಾಟು. ಇಲ್ಲಿಯೂ ಯಾರಾದರೂ "ಯಾಕ್ರೀ ಫೋಟೊ ತೆಗಿಲತ್ತೀರಿ?" ಎಂದರೆ ಪರದೆ ತೋರಿಸಿ. ಬ್ಯಾಡ ಎಂದರೆ ಅವರೆದುರೇ ಅಳಿಸಿ. ಮಕ್ಕಳಿದ್ದರೆ ಹೆತ್ತವರನ್ನು ಮೊದಲೇ ಕೇಳಿ.

ಪುಟ ಶುರು ಮಾಡಿದರೆ ಚಿತ್ರದ ಕೆಳಗೆ ಜಾಗ ಮತ್ತು ವೇಳೆ ಅಷ್ಟೇ ಇರಲಿ. 'ಬಿಸಿಲ ನಾಡಿನ ಬವಣೆ' ಎಂಬಂಥ ತಲೆಬರಹ ದಯವಿಟ್ಟು ಬೇಡ. ಕುರ್ಚಿ ಹೊತ್ತವರು ಅಂಗಡಿಗೆ ಕುರ್ಚಿ ಒಯ್ಯುತ್ತಿದ್ದಾರೆ, ಬವಣೆ ಪಡುತ್ತಿಲ್ಲ.

– ಛಾಯಾಗ್ರಹಣ ಆಸಕ್ತರು, ಕಲಬುರಗಿ