ಷರಾ ಓದಿದ ಮೇಲೆ ಸಹಿ ಹಾಕು

ಚಿ. ಮಗಳಿಗೆ,
ಅಪ್ಪನ ಆಶೀರ್ವಾದ.

ಭಾನುವಾರ ಮಾತು ಮುಗಿಯುವ ಮೊದಲೇ ಫೋನ್ ಇಟ್ಟುಬಿಟ್ಟೆ, ತಪ್ಪು ನನ್ನದು. ಸಿಟ್ಟು ನಿನ್ನ ಮೇಲಲ್ಲ ಅಂತ ಬರೆಯಲು ಕೂತೆ. ಅದು ಸುಳ್ಳಾಗುತ್ತದೆ, ಸ್ವಲ್ಪ ನಿನ್ನ ಮೇಲೂ ಇತ್ತು. ನಿನ್ನ ವಾಚನಾಲಯದ ಹಿಂದಿನ ಕೋಣೆಯ ಹಳೇ ನೋಂದಣಿಗಳನ್ನು ತೆಗೆಯಲು ಮಂಡಳಿ ಠರಾವು ಮಾಡಿದೆ, ನೀನೂ ಸಹಿ ಹಾಕಿದ್ದಿ, ಶುಕ್ರವಾರ ರದ್ದಿಯವನ ಟೆಂಪೋ ಬರುತ್ತದೆ ಅಂತ ನೀ ಹೇಳಿದ್ದು ಹಾಲಿನವನ ಲೆಕ್ಕ ಹೇಳಿದ ಹಾಗಿತ್ತು.

ಅದರ ಮೇಲೆ ಇನ್ನೊಂದು: “ಪುಸ್ತಕ ಇರೂದು ಬಳಸ್ಲಿಕ್ಕೆ ಅಂತ ನೀವ ಹೇಳ್ತಿದ್ರಿ ಅಲ್ಲಾ, ಅಪ್ಪಾ?” ಹೇಳುತ್ತಿದ್ದೆ, ಹೌದು. ಗ್ರಂಥಾಲಯ ಶಾಸ್ತ್ರದ ರಂಗನಾಥನ್ 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ಅದು ಮೊದಲನೆಯದು. ಅದನ್ನು ಕಪಾಟಿನ ಪುಸ್ತಕಕ್ಕೆ ಅನ್ವಯಿಸು. ಚಿಂದಿಯಾದದ್ದನ್ನು ತೆಗೆ, ಹಳೇ ಪಠ್ಯಕ್ರಮದ ಗೈಡು ತೆಗೆ, ಒಂದೇ ಕಾದಂಬರಿಯ ಮೂರು ಪ್ರತಿ ಇದ್ದರೆ ಗಟ್ಟಿ ರಟ್ಟಿನದೊಂದು ಇಟ್ಟು ಉಳಿದವನ್ನು ಕೊಟ್ಟುಬಿಡು. ನಾ ಅಡ್ಡ ಬರುವುದಿಲ್ಲ. ದಾಖಲು ನೋಂದಣಿಯ ಮಾತು ಬೇರೆ. ಅದು ಆ ವಾಚನಾಲಯದ ಜಾತಕ: ಯಾವ ಪುಸ್ತಕ ಎಂದು ಬಂತು, ಯಾರ ಕೈಯಿಂದ, ಎಷ್ಟಕ್ಕೆ, ಮತ್ತೆ ಹೇಗೆ ಹೋಯಿತು.

“ಎಲ್ಲಾ ಸ್ಕ್ಯಾನ್ ಆಗೇದ” ಅಂದಿ. ನೀ ವಾಟ್ಸಾಪಿನಲ್ಲಿ ಕಳಿಸಿದ ಎರಡು ಪುಟ ನೋಡಿದ ಮೇಲೆಯೇ ನನಗೆ ನಿದ್ದೆ ಹತ್ತಲಿಲ್ಲ. ಬಲ ಅಂಚು ಕತ್ತರಿಸಿ ಹೋಗಿದೆ. ಷರಾ, ಅಂದರೆ ಟಿಪ್ಪಣಿ ಬರೆಯುವ ಕಾಲಂ, ಇಲ್ಲವೇ ಇಲ್ಲ.

ಅದು ಹೇಗಾಯಿತು ಹೇಳುತ್ತೇನೆ. ಆ ನೋಂದಣಿಯ ಒಂದು ಸಾಲು ಎರಡು ಪುಟದ ಮೇಲೆ ಹರಡಿರುತ್ತದೆ. ಎಡಕ್ಕೆ ತಾರೀಖು, ದಾಖಲು ಸಂಖ್ಯೆ, ಕರ್ತೃ, ಹೆಸರು, ಪ್ರಕಾಶಕರು, ಅಚ್ಚಾದ ವರ್ಷ, ಪುಟ. ಬಲಕ್ಕೆ ಎಲ್ಲಿಂದ ಬಂತು, ಬಿಲ್ ನಂಬರು, ಬೆಲೆ, ವರ್ಗ, ತೆಗೆದ ತಾರೀಖು, ಕಟ್ಟಕಡೆಗೆ ಷರಾ. ದಪ್ಪ ಲೆಡ್ಜರು ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಹೊಲಿಗೆಯ ಕಡೆ ಉಬ್ಬುತ್ತದೆ. ಸ್ಕ್ಯಾನ್ ಮಾಡುವ ಹುಡುಗ ಉಬ್ಬನ್ನು ನಡುವೆ ಹಿಡಿಸಲು ಹೋಗಿ ಅಂಚು ಬಿಟ್ಟಿದ್ದಾನೆ. ಬಿಡದಿದ್ದರೂ ಅರ್ಧ ಮೂಡುತ್ತಿರಲಿಲ್ಲ. ಉಳಿದ ಕಾಲಂಗಳನ್ನು ಮೇಜಿನ ಮುಂದೆ ಕೂತು ಶಾಯಿಯಲ್ಲಿ ಬರೆದದ್ದು. ಷರಾ ಬರೆದದ್ದು ವರ್ಷಕ್ಕೊಮ್ಮೆ ಪುಸ್ತಕ ಎಣಿಸುವಾಗ, ಕಪಾಟಿನ ಮುಂದೆ ನಿಂತು, ಕಾಪಿಯಿಂಗ್ ಪೆನ್ಸಿಲಿನಲ್ಲಿ. ಕಪ್ಪು-ಬಿಳಿ ಸ್ಕ್ಯಾನಿಗೆ ಆ ಮಸುಕು ಬೂದು ಗೆರೆ ಅಂದರೆ ಕೊಳೆ, ಅಳಿಸಿಬಿಡುತ್ತದೆ. ಅಂದಹಾಗೆ ಆ ಪೆನ್ಸಿಲ್ ಬರಹಕ್ಕೆ ಒದ್ದೆ ಕೈ, ಒದ್ದೆ ಅರಿವೆ ತಾಗಿಸಬೇಡ. ಹನಿ ಬಿದ್ದರೆ ನೇರಳೆ ಬಣ್ಣ ಬಿಟ್ಟು ಹರಡುತ್ತದೆ, ಮತ್ತೆ ಓದಲಾಗುವುದಿಲ್ಲ.

ಷರಾದಲ್ಲಿ ಏನಿರುತ್ತದೆ ಅಂತ ಕೇಳಿದಿಯಲ್ಲ, ಅದೂ ನಗುತ್ತ. “ಪುಟ 33ರಿಂದ 48 ಇಲ್ಲ” ಅಂತ ಬರೆದಿದ್ದರೆ ಏನು ತಿಳಿಯುತ್ತದೆ? ಸಾಮಾನ್ಯವಾಗಿ ಹಾಳೆ ಮಡಚಿದಾಗ ಹದಿನಾರು ಪುಟದ ಒಂದು ಕಟ್ಟು ಆಗುತ್ತದೆ. 1ರಿಂದ 16, 17ರಿಂದ 32, 33ರಿಂದ 48. ಇಡೀ ಕಟ್ಟೇ ಹೋಗಿದೆ ಅಂದರೆ ಹೊಲಿಗೆಯ ದಾರ ಸವೆದು ಉದುರಿದೆ. ಓದುಗನ ತಪ್ಪಲ್ಲ, ಸರಿಯಾದ ವೇಳೆಗೆ ಬೈಂಡರನ ಹತ್ತಿರ ಕಳಿಸದ ನಮ್ಮ ತಪ್ಪು. “ಪುಟ 33-34 ಇಲ್ಲ, 47-48 ಸಡಿಲ” ಅಂತಿದ್ದರೆ ಯಾರೋ ಬ್ಲೇಡು ಹಾಕಿದ್ದಾರೆ. ಆ ಎರಡು ಹಾಳೆ ಒಂದೇ ತುಂಡಿನ ಎರಡು ತುದಿ, ಒಂದನ್ನು ಕತ್ತರಿಸಿದರೆ ಇನ್ನೊಂದಕ್ಕೆ ಹಿಡಿತ ಇಲ್ಲ. ಒಂದು ಊರು ಯಾವ ಪುಸ್ತಕವನ್ನು ಓದಿ ಓದಿ ಸವೆಸಿತು, ಯಾವುದನ್ನು ಕತ್ತರಿಸಿಕೊಂಡು ಹೋಯಿತು ಅನ್ನುವುದು ಬೇರೆ ಎಲ್ಲಿ ಬರೆದಿಟ್ಟಿದ್ದಾರೆ ಹೇಳು. “ಸಿಕ್ಕಿಲ್ಲ” ಅಂತ ಬರೆದು ಮರುವರ್ಷ ಅದರ ಮೇಲೆ ಗೆರೆ ಎಳೆದಿದ್ದರೆ ಪುಸ್ತಕ ಬೇರೆ ಕಪಾಟಿನಲ್ಲಿ ಕೂತಿತ್ತು. “ಕಳೆದಿದೆ, ಬೆಲೆ ವಸೂಲು” ಅಂದರೆ ಯಾರೋ ಹಣ ಕಟ್ಟಿ ಪುಸ್ತಕ ಮನೆಯಲ್ಲೇ ಇಟ್ಟುಕೊಂಡರು; ಆ ಕಾಲದಲ್ಲಿ ಅಂಗಡಿಯಲ್ಲಿ ಪ್ರತಿ ಮುಗಿದಿದ್ದರೆ ಅದೇ ಉಪಾಯ. “ಮಳೆಗೆ ನೆನೆದದ್ದು” ಎಂಬ ಷರಾ ಒಂದೇ ತಿಂಗಳಲ್ಲಿ ಹತ್ತು ಸಲ ಬಂದಿದ್ದರೆ ಆ ವರ್ಷ ಹಂಚು ಒಡೆದಿತ್ತು, ಯಾವ ಕಪಾಟಿನ ಮೇಲೆ ಎಂಬುದನ್ನೂ ದಾಖಲು ಸಂಖ್ಯೆ ಜೋಡಿಸಿ ಹೇಳಬಹುದು.

ಇದನ್ನೇ ಹಿಡಿದುಕೊಂಡು ಕೂತೆ ಅಂತೀಯ. ಕೂತಿದ್ದೇನೆ.

ಬೆಲೆಯ ಕಾಲಂ ಇನ್ನೊಂದು ಬಲೆ. 2-8-0 ಅಂದರೆ ಎರಡು ರೂಪಾಯಿ ಎಂಟಾಣೆ, ಎರಡೂವರೆ ರೂಪಾಯಿ. ನಿಮ್ಮ ಕಂಪ್ಯೂಟರ್ ಪಟ್ಟಿಯಲ್ಲಿ ಅದು 2.80 ಆಗಿದೆ. ನಾ ನೋಡಿದ ಎರಡು ಪುಟದಲ್ಲೇ ನಾಲ್ಕು ಕಡೆ. 1-4-0 ಅಂದರೆ ಒಂದೂಕಾಲು, 1.40 ಅಲ್ಲ. ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ. ಮೂರನೇ ಮನೆಯಲ್ಲಿ ಹನ್ನೊಂದರ ಮೇಲಿನ ಅಂಕಿ ಬಂದಿದ್ದರೆ ನಮೂದಿಸಿದವರು ತಪ್ಪಿದ್ದಾರೆ ಅಂತ ತಿಳಿ. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು. ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಒಂದೊಂದಾಣೆ ದಂಡ ನಾಲ್ಕು ಸಲ ಕಟ್ಟಿದವನಿಂದ 24, ಒಟ್ಟಿಗೆ ಕಟ್ಟಿದವನಿಂದ 25. ರೋಜಕೀರ್ದಿಯಲ್ಲಿ, ಅಂದರೆ ದಿನದ ಜಮಾ-ಖರ್ಚಿನ ವಹಿಯಲ್ಲಿ, ಆ ವರ್ಷ ಒಂದೊಂದು ಪೈಸೆ ಹೆಚ್ಚು-ಕಮ್ಮಿ ಕಂಡರೆ ಕಾರಕೂನ ಕದ್ದ ಅನ್ನಬೇಡ. ಅಂಕಿಯ ಲಿಪಿಯನ್ನೂ ನೋಡಿಕೋ. ಕನ್ನಡದ ೬ ಮತ್ತು ೯ ಅವಸರದ ಕೈಯಲ್ಲಿ ಒಂದೇ ಆಗುತ್ತವೆ. ಮರಾಠಿ ಶಾಲೆ ಕಲಿತ ಕಾರಕೂನರು ಬಾಳಬೋಧ (ದೇವನಾಗರಿ) ಅಂಕಿ ಬರೆದ ಕಡೆ १ ಮತ್ತು ९ ಕಾಡುತ್ತವೆ. ದಾಖಲು ಸಂಖ್ಯೆ ಏರುತ್ತಲೇ ಹೋಗಬೇಕು, ಹಿಂದಿನ ಸಾಲು ಮುಂದಿನ ಸಾಲು ಹಿಡಿದು ತೀರ್ಮಾನಿಸು.

ಧಾರವಾಡದಲ್ಲಿ ಆಗ ಏನೆಲ್ಲ ಇತ್ತು ಅನ್ನುವುದನ್ನು ನಿನಗೆ ಹೇಳಬೇಕಾಗಿಲ್ಲ. ವಿದ್ಯಾವರ್ಧಕ ಸಂಘ 1890ರಿಂದ ಇತ್ತು, ಮನೋಹರ ಗ್ರಂಥಮಾಲೆ 1933ರಿಂದ. ಗ್ರಂಥಾಲಯಗಳ ಬಗ್ಗೆ ಮುಂಬಯಿ ಸರಕಾರ ನೇಮಿಸಿದ ಫೈಜಿ ಸಮಿತಿ ಪುಣೆ, ಅಹಮದಾಬಾದ್ ಜೊತೆ ಧಾರವಾಡಕ್ಕೂ ಪ್ರಾದೇಶಿಕ ಗ್ರಂಥಾಲಯ ಬೇಕು ಅಂದಿತ್ತು. 1950ರ ಜನವರಿಯಲ್ಲಿ ಆಕಾಶವಾಣಿ ಬಂತು, ಅದೇ ವರ್ಷ ಕರ್ನಾಟಕ ವಿಶ್ವವಿದ್ಯಾಲಯ ಮುಂಬಯಿಯಿಂದ ಇಲ್ಲಿಗೆ ಬಂತು. ಇವೆಲ್ಲ ಪುಸ್ತಕದಲ್ಲಿ ಸಿಗುತ್ತವೆ. ಒಂದು ಸಣ್ಣ ವಾಚನಾಲಯದ ಬಾಗಿಲೊಳಗೆ ಅವು ಹೇಗೆ ಬಂದವು ಅನ್ನುವುದು ನೋಂದಣಿಯಲ್ಲಿ ಸಿಗುತ್ತದೆ. ಗ್ರಂಥಮಾಲೆಗೆ ವರ್ಷದ ಚಂದಾ ಕಟ್ಟಿದರೆ ಪುಸ್ತಕಗಳು ಒಟ್ಟಿಗೆ ಬರುತ್ತಿದ್ದವು, ಆದ್ದರಿಂದ ಒಂದೇ ಬಿಲ್ ನಂಬರಿನ ಸಾಲುಗಳು ಗುಂಪಾಗಿ ಕಾಣುತ್ತವೆ. ‘ಎಲ್ಲಿಂದ ಬಂತು’ ಕಾಲಂನಲ್ಲಿ “ಕಾಣಿಕೆ” ಅಂತಿದ್ದರೆ ಪಕ್ಕದ ಹೆಸರು ಓದು; ತೀರಿಹೋದ ಮಾಸ್ತರರ ಮನೆಯಿಂದ ಒಂದೇ ದಿನ ನಲವತ್ತು ಪುಸ್ತಕ ಬಂದಿರುತ್ತವೆ, ಅದು ಆ ಮನುಷ್ಯನ ಇಡೀ ಓದು. ಶಿಕ್ಕೆಯಲ್ಲಿರುವ ರಾಜ್ಯದ ಹೆಸರನ್ನೂ ನೋಡು. 1956ರ ನವೆಂಬರ್ 1ರ ತನಕ ಮುಂಬಯಿ ರಾಜ್ಯ, ಆಮೇಲೆ ಮೈಸೂರು ರಾಜ್ಯ, 1973ರ ನವೆಂಬರ್ 1ರ ಮೇಲೆ ಕರ್ನಾಟಕ. ಆದರೆ ರಬ್ಬರ್ ಶಿಕ್ಕೆ ಹೊಸದು ಮಾಡಿಸಲು ದುಡ್ಡು ಬೇಕು, ಹಳೆಯದನ್ನೇ ಕೆಲವು ತಿಂಗಳು ಒತ್ತಿರುತ್ತಾರೆ. ಶಿಕ್ಕೆಯೊಂದನ್ನೇ ನಂಬಿ ತಾರೀಖು ಹೇಳಬೇಡ.

ದಾಖಲು ನೋಂದಣಿಯ ಕೆಳಗಿರುವ ಉದ್ದನೆಯ ವಹಿಗಳು ಪುಸ್ತಕ ಕೊಟ್ಟ ಲೆಕ್ಕ. ಆಗ ಓದುವ ಕೋಣೆ ಪುಕ್ಕಟೆ, ಮನೆಗೊಯ್ಯಲು ಅನಾಮತ್ತು (ಠೇವಣಿ) ಇಟ್ಟು ತಿಂಗಳ ವರ್ಗಣಿ ಕಟ್ಟಬೇಕಿತ್ತು. ಸದಸ್ಯನಿಗೊಂದು ಪುಟ. ಈ ಪದ್ಧತಿಯ ದೋಷ ನಿನಗೆ ನನಗಿಂತ ಚೆನ್ನಾಗಿ ಗೊತ್ತು: ಒಬ್ಬರ ಹತ್ತಿರ ಯಾವ ಪುಸ್ತಕ ಇದೆ ಅಂದರೆ ಕ್ಷಣದಲ್ಲಿ ಹೇಳಬಹುದು, ಒಂದು ಪುಸ್ತಕ ಯಾರ ಹತ್ತಿರ ಇದೆ ಅಂದರೆ ವಹಿಯನ್ನೆಲ್ಲ ತಿರುವಬೇಕು. ಬ್ರೌನ್ ಪದ್ಧತಿಯಲ್ಲಿ ಪುಸ್ತಕದ ಚೀಟಿಯನ್ನು ಸದಸ್ಯನ ಚೀಟಿಯ ಜೇಬಿನಲ್ಲಿ ತೂರಿಸಿ, ತಾರೀಖಿನ ಹಿಂದೆ ಸಂಖ್ಯೆಯ ಕ್ರಮದಲ್ಲಿ ಇಡುವುದು ಇದಕ್ಕೇ ಪರಿಹಾರ. ಪುಸ್ತಕ ವಾಪಸು ಬಂದೊಡನೆ ಆ ಚೀಟಿ ಬಿಡಿಸಿಕೊಟ್ಟರೆ ಕೊಟ್ಟದ್ದರ ಗುರುತೇ ಉಳಿಯುವುದಿಲ್ಲ. ವಹಿಯಲ್ಲಿ ಉಳಿದಿದೆ. ಅದರಲ್ಲಿ ‘ಹಸ್ತೆ’ ಅಂತ ಒಂದು ಸಣ್ಣ ಕಾಲಂ ಇದೆಯಲ್ಲ, ಯಾರ ಕೈಯಲ್ಲಿ ಪುಸ್ತಕ ಕೊಟ್ಟೆವು ಅನ್ನುವುದು. ಸದಸ್ಯರು ಯಜಮಾನರು, ಹಸ್ತೆ ಮಗ, ಹಸ್ತೆ ಆಳು, ಹಸ್ತೆ ಮಗಳು. ಸೋಮವಾರ ಕಾನೂನು ಪುಸ್ತಕ ಖುದ್ದು ಒಯ್ದವರ ಪುಟದಲ್ಲೇ ಬುಧವಾರ, ಶನಿವಾರ ಕಾದಂಬರಿ, ಹಸ್ತೆ ಮಗಳು. ಮನೆಯೊಳಗೆ ಓದುತ್ತಿದ್ದವರ ಹೆಸರು ಸದಸ್ಯರ ಯಾದಿಯಲ್ಲಿ ಎಲ್ಲೂ ಇಲ್ಲ. 1951ರ ಜನಗಣತಿಯಲ್ಲಿ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ 18ರ ಆಸುಪಾಸು. ಕಟ್ಟೆಯ ಮೇಲೆ ಒಬ್ಬರು ಸಂಯುಕ್ತ ಕರ್ನಾಟಕ ದೊಡ್ಡಕ್ಕೆ ಓದಿದರೆ ಸುತ್ತ ಕೂತು ಕೇಳಿದವರು ಭೇಟಿ ಪುಸ್ತಕದಲ್ಲಿ ಸಹಿ ಹಾಕಲಿಲ್ಲ. ಅದಕ್ಕೇ ಆ ಕಾಲದ ವರದಿಯಲ್ಲಿ “ದಿನಂಪ್ರತಿ ವಾಚಕರು” ಎಂಬ ಅಂಕಿ ಕಂಡರೆ ಕಮ್ಮಿ ಅಂತಲೇ ಹಿಡಿ.

ಇರಲಿ. ಕೆಲಸದ ಮಾತಿಗೆ ಬರುತ್ತೇನೆ. ಮಂಡಳಿಗೆ ಒಂದೇ ಸಾಲಿನ ಅರ್ಜಿ ಕೊಡು: ದಾಖಲು ನೋಂದಣಿ ಆಸ್ತಿಯ ದಾಖಲೆ, ಪುಸ್ತಕ ತೆಗೆದರೂ ತೆಗೆದದ್ದಕ್ಕೆ ಆಧಾರ ಅದೇ. ಲೆಕ್ಕ ತಪಾಸಣೆಯ ಹೆಸರು ಹೇಳಿದರೆ ಅವರಿಗೆ ಇತಿಹಾಸಕ್ಕಿಂತ ಬೇಗ ತಿಳಿಯುತ್ತದೆ. ಜಾಗ ಇಲ್ಲ ಅಂದರೆ ನಿಜವಾಗಿ ಬೇಕಾದದ್ದು ಒಂದು ಮೊಳದಷ್ಟು ಹಲಗೆ. ಫೋಟೋ ಮತ್ತೆ ತೆಗೆಸು, ಈ ಸಲ ಬಣ್ಣದಲ್ಲಿ. ಕಿಟಕಿಯ ಬೆಳಕು ಎಡದಿಂದ ಬೀಳಲಿ, ಫ್ಲಾಶ್ ಬೇಡ. ಕೆಳಗೆ ಕರಿ ಬಟ್ಟೆ ಹಾಸಿ ನಾಲ್ಕೂ ಅಂಚು ಕಾಣುವ ಹಾಗೆ, ಎಡ ಪುಟ ಒಂದು, ಬಲ ಪುಟ ಒಂದು. ಖಾಲಿ ಪುಟದ ಫೋಟೋವನ್ನೂ ತೆಗೆ, ಇಲ್ಲವಾದರೆ ನಾಳೆ ಯಾರೋ ಪುಟ ಕಳೆದಿದೆ ಅನ್ನುತ್ತಾರೆ. ಉಬ್ಬಿದ ಬೆನ್ನನ್ನು ಒತ್ತಬೇಡ; ತೆಳ್ಳಗಿನ ಬದಿಯ ಕೆಳಗೆ ಮಡಚಿದ ಟವೆಲ್ ಇಟ್ಟು ಎರಡೂ ಕಡೆ ಸಮ ಮಾಡು. ಹರಿದ ಕಡೆ ಸೆಲೋಟೇಪ್ ಹಚ್ಚಿದರೆ ಹತ್ತು ವರ್ಷಕ್ಕೆ ಹಳದಿ ಅಂಟು ಉಳಿದು ಅಕ್ಷರ ತಿನ್ನುತ್ತದೆ. ತೆಳು ಕಾಗದದ ಪಟ್ಟಿಯನ್ನು ಮೈದಾ ಅಂಟಿನಲ್ಲಿ ಹಚ್ಚು. ಬೈಂಡರರು ಅದಕ್ಕೆ ಮೈಲುತುತ್ತ ಹಾಕುತ್ತಾರೆ, ಹುಳ ಬರಬಾರದು ಅಂತ. ನೀ ಕೈಗೆ ಚೀಲ ಹಾಕಿಕೊಂಡು ಮುಟ್ಟು, ವಿಷ ಅದು. ಕಪಾಟು ಗೋಡೆಗೆ ತಾಗಬಾರದು, ಗೇಣು ಜಾಗ ಬಿಡು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಗೋಡೆ ಎರಡು ತಿಂಗಳು ಒದ್ದೆ ಇರುತ್ತದೆ, ಬೂಸಲು ಅಲ್ಲಿಂದಲೇ ಶುರು. ಬಿಸಿಲಿಗೆ ಮಾತ್ರ ಹಾಕಬೇಡ, ರಟ್ಟು ಬಿಲ್ಲಿನ ಹಾಗೆ ಬಾಗುತ್ತದೆ. ನೆರಳಲ್ಲಿ ಫ್ಯಾನ್ ಸಾಕು.

ಉಪದೇಶ ಮಾಡಬಾರದು ಅಂತ ಮೊದಲೇ ನಿರ್ಧರಿಸಿದ್ದೆ, ನೋಡು ಎಲ್ಲಿಗೆ ಬಂತು. ನೀ ಪರೀಕ್ಷೆ ಬರೆದು ಕಲಿತದ್ದು, ನಾ ಕೆಲಸ ಮಾಡುತ್ತ ಕಲಿತದ್ದು. ಮಕ್ಕಳ ಕೋಣೆಯಲ್ಲಿ ಕಪಾಟಿನ ಎತ್ತರ ಇಳಿಸಿ ಹುಡುಗರ ಕೈಗೆ ಎಟುಕುವ ಹಾಗೆ ಮಾಡಿದ್ದು ನಮ್ಮ ಕಾಲದಲ್ಲಿ ಯಾರಿಗೂ ಹೊಳೆಯಲಿಲ್ಲ. ಅದನ್ನು ಎದುರಿಗೆ ಹೇಳಿಲ್ಲ, ಇಲ್ಲಿ ಬರೆದಿದ್ದೇನೆ. ದುಡ್ಡಿಲ್ಲದೆ, ಆಳಿಲ್ಲದೆ ನೀ ಅದನ್ನು ನಡೆಸುತ್ತಿದ್ದಿ, ನಾನೋ ಇಲ್ಲಿ ಬೆಳಗಾವಿಯಲ್ಲಿ ಕೂತು ಷರಾ ಷರಾ ಅನ್ನುತ್ತಿದ್ದೇನೆ.

ಆದರೂ ಷರಾ. ಪುಸ್ತಕಗಳ ಕಾಗದ ಅಗ್ಗದ್ದು, ಅಂಚು ಕಂದಿ ಈಗಾಗಲೇ ಪುಡಿಯಾಗುತ್ತಿವೆ. ಲೆಡ್ಜರ್ ಕಾಗದ ಇನ್ನೂ ಗಟ್ಟಿ ಇದೆ. ನಾಳೆ ಆ ಪುಸ್ತಕಗಳು ಇರುವುದಿಲ್ಲ, ಇದ್ದವು ಅನ್ನುವ ಸಾಲು ಇರುತ್ತದೆ. ರದ್ದಿಯವನು ರಟ್ಟು ಹರಿದು ಬೇರೆ, ಕಾಗದ ಬೇರೆ ತೂಗುತ್ತಾನೆ. ಐದು ನೋಂದಣಿ ಸೇರಿ ಇಪ್ಪತ್ತು ಕಿಲೋ ಆದೀತು. ಆ ದುಡ್ಡು ಎಷ್ಟೋ ಅಷ್ಟನ್ನು ನಾ ಕಟ್ಟುತ್ತೇನೆ, ಪಾವತಿ ಚೀಟಿ ಕೊಡು.

ಶುಕ್ರವಾರ ಮೊದಲ ಬಸ್ಸಿಗೆ ಬರುತ್ತೇನೆ, ಟೆಂಪೋ ಹತ್ತರ ಮೊದಲು ಬಾರದ ಹಾಗೆ ನೋಡಿಕೋ. ಅಷ್ಟರೊಳಗೆ ಅವನ್ನು ತೆಗೆಯುವುದಾದರೆ ಮೂಗಿಗೆ ಎರಡು ಪದರ ಬಟ್ಟೆ ಕಟ್ಟಿಕೋ. ಆ ಧೂಳಿಗೆ ನಿನಗೆ ರಾತ್ರಿ ಉಬ್ಬಸ ಬರುತ್ತದೆ, ಫೋನಿನಲ್ಲೇ ಕೇಳಿಸುತ್ತಿತ್ತು. ಎರಡನೇ ಕಪಾಟಿನ ಕೀಲಿ ಜೋರು ಮಾಡಿದರೆ ತಿರುಗುವುದಿಲ್ಲ. ಬಾಗಿಲನ್ನು ಒಂದು ಬೆರಳಷ್ಟು ಮೇಲೆತ್ತಿ ಎಡಕ್ಕೆ ತಿರುಗಿಸು. ಕೆಳಗಿನ ಹಲಗೆ, ಕೆಂಪು ಅರಿವೆಯ ಬೆನ್ನಿನವು, ಐದು.

ನಿನ್ನ
ಅಪ್ಪ